ನಲವತ್ತು ಮಣ್ಣುಬಿಲ್ಲೆ

ಮಕಾವ್
2 ಮಾರ್ಚ್ 2015

ಬಿಳಿ ನವಿಲು ಕ್ಯಾಸಿನೊದ ಬಹುಮಾನ ವಿಭಾಗ, ಹಾಂಕಾಂಗ್ ಮುಖ್ಯ ಕಚೇರಿ

ಮಾನ್ಯರೇ,

ಚೀನೀ ಹೊಸ ವರ್ಷದ ಎರಡನೆಯ ದಿನ, ಅಂದರೆ ಫೆಬ್ರವರಿ ಇಪ್ಪತ್ತರಂದು, ನಿಮ್ಮ ಮಕಾವ್ ಕ್ಯಾಸಿನೊದ ಅದೃಷ್ಟ ಚೀಟಿಯಲ್ಲಿ ಎರಡು ಲಕ್ಷ ಪಟಾಕ ದುಡ್ಡು ಗೆದ್ದವಳು ನಾನು. ಹೆಸರು ಸಿಯೊ ಕಿಟ್-ಫಾಂಗ್. ಇಪ್ಪತ್ತನಾಲ್ಕು ವರ್ಷದಿಂದ ಇಲ್ಲಿನ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುತ್ತಿದ್ದೇನೆ. ಮರುದಿನದ ಪತ್ರಿಕೆಯಲ್ಲಿ ತನ್ನಷ್ಟೇ ಎತ್ತರದ ರಟ್ಟಿನ ಚೆಕ್ಕು ಹಿಡಿದು ಹಲ್ಲು ಬಿಟ್ಟುಕೊಂಡು ನಿಂತ ಹೆಂಗಸನ್ನು ನೀವು ನೋಡಿರಬಹುದು. ಅದು ನಾನೇ.

ಫೋಟೊ ತೆಗೆದ ಕೂಡಲೇ ಚೆಕ್ಕನ್ನು ನಿಮ್ಮವರು ವಾಪಸ್ ಇಸಿದುಕೊಂಡರು. ಅದರ ಬದಲು ಒಂದು ಕೆಂಪು ಡಬ್ಬಿ ಕೊಟ್ಟರು. ಅದರೊಳಗೆ ಐದೈದು ಸಾವಿರ ಎಂದು ಅಚ್ಚಾದ ನಲವತ್ತು ಜೂಜಿನ ಬಿಲ್ಲೆಗಳಿದ್ದವು. ಡಬ್ಬಿಯ ತಳದಲ್ಲಿ ಇರುವೆ ಸಾಲಿನಂತೆ ಷರತ್ತುಗಳಿದ್ದವು. ಭೂತಗನ್ನಡಿ ಹಿಡಿದು ಓದಿದೆ. ಆರನೆಯ ಷರತ್ತಿನ ಪ್ರಕಾರ ಬಿಲ್ಲೆಗಳನ್ನು ಹೊಸ ವರ್ಷದ ಆರನೆಯ ದಿನದಿಂದ ಮೂವತ್ತು ದಿನ, ಗೆದ್ದವರೇ ಖುದ್ದಾಗಿ ಬಂದು ಆಡಬೇಕು. ಒಂಬತ್ತನೆಯದರ ಪ್ರಕಾರ ಬಿಲ್ಲೆಗೆ ನಗದು ಕೊಡುವುದಿಲ್ಲ, ಅದನ್ನು ಪಣಕ್ಕಿಟ್ಟು ಗೆದ್ದರೆ ಗೆದ್ದದ್ದು ಮಾತ್ರ ದುಡ್ಡು. ಹದಿನಾಲ್ಕನೆಯದರಲ್ಲಿ "ಬಿಲ್ಲೆಗಳ ಮೌಲ್ಯವನ್ನು ಸಂಸ್ಥೆಯು ಕಾಲಕಾಲಕ್ಕೆ ನಿರ್ಧರಿಸುತ್ತದೆ" ಎಂದಿದೆ.

ನಾನು ಸರ್ಕಾರಿ ನೌಕರಳು. ನಮ್ಮಂಥವರು ಕ್ಯಾಸಿನೊದ ಹೊಸ್ತಿಲು ದಾಟಬಹುದಾದದ್ದು ವರ್ಷಕ್ಕೆ ಮೂರೇ ದಿನ, ಹೊಸ ವರ್ಷದ ಮೊದಲ ಮೂರು ದಿನ. ಆರನೆಯ ದಿನ ನಾನು ಒಳಗೆ ಬಂದರೆ ಕೆಲಸಕ್ಕೆ ಸಂಚಕಾರ. ಹಾಗಾದರೆ ಈ ಬಿಲ್ಲೆಗಳನ್ನು ಏನು ಮಾಡಲಿ?

ಚೀಟಿ ನನ್ನೊಬ್ಬಳದಲ್ಲ ಎಂಬುದು ಇನ್ನೊಂದು ಫಜೀತಿ. ಪತ್ರ ವಿಂಗಡಿಸುವ ಕೋಣೆಯ ನಾವು ಆರು ಜನ ಪ್ರತಿ ವರ್ಷ ಎರಡನೆಯ ದಿನ ಹಬ್ಬದ ಉಡುಗೊರೆಯಾಗಿ ಬಂದ ಕೆಂಪು ಲಕೋಟೆಯ ದುಡ್ಡು ಕೂಡಿಸಿ ಒಟ್ಟಿಗೆ ಆಡಲು ಬರುತ್ತೇವೆ. ಚೀಟಿಯ ಮೇಲೆ ಒಂದೇ ಹೆಸರು ಬರೆಯಬೇಕಿತ್ತು. ಗುರುತಿನ ಚೀಟಿ ಕೈಯಲ್ಲಿ ಹಿಡಿದುಕೊಂಡಿದ್ದವಳು ನಾನು, ಹೀಗಾಗಿ ನನ್ನ ಹೆಸರು ಬಿತ್ತು. ಈಗ ಉಳಿದ ಐವರೂ ಪತ್ರಿಕೆಯ ಫೋಟೊ ಇಟ್ಟುಕೊಂಡು ಕೂತಿದ್ದಾರೆ. ನಮ್ಮಲ್ಲಿ ಹಿರಿಯರಾದ ಕ್ವೊಕ್ ಅಣ್ಣ ಮೊನ್ನೆ ಎಲ್ಲರಿಗೂ ಕೇಳುವಂತೆ ಅಂದರು: "ಅಕ್ಕಾವ್ರ ಕೈ ಭಾರ ಆಗ್ಬಿಟ್ಟಿದೆ ಕಣ್ರೋ, ಹಂಚೋಕೆ ಮೇಲೇಳ್ತಾನೇ ಇಲ್ಲ. ನಮಗೆ ಬಿಲ್ಲೆ ತೋರ್ಸೋದು, ದುಡ್ಡು ಬ್ಯಾಂಕಿಗೆ ಸಾಗ್ಸೋದು." ಇಪ್ಪತ್ತನಾಲ್ಕು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದವರ ಬಾಯಲ್ಲಿ ಈ ಮಾತು ಬಂತು.

ಆದ್ದರಿಂದ ನನಗೆ ಒಂದೇ ಒಂದು ಸಾಲು ಬರೆದುಕೊಡಿ. ಈ ನಲವತ್ತು ಬಿಲ್ಲೆಗಳ ನಿಜವಾದ ಬೆಲೆ ಎಷ್ಟು? ನಿಮ್ಮ ಸಹಿ ಇರುವ ಆ ಸಾಲನ್ನು ಐವರ ಮುಂದಿಟ್ಟರೆ ನನ್ನ ಮರ್ಯಾದೆ ಉಳಿಯುತ್ತದೆ.

ಇಂತಿ,
ಸಿಯೊ ಕಿಟ್-ಫಾಂಗ್


ಹಾಂಕಾಂಗ್
11 ಮಾರ್ಚ್ 2015

ಮಾನ್ಯ ಸಿಯೊ ಅವರಿಗೆ,

ತಮ್ಮ ಪತ್ರ ತಲುಪಿದೆ. ಬಹುಮಾನ ವಿಜೇತರಾದ ತಮಗೆ ಸಂಸ್ಥೆಯ ಹಾರ್ದಿಕ ಅಭಿನಂದನೆಗಳು.

ತಾವು ಉಲ್ಲೇಖಿಸಿದ ಷರತ್ತುಗಳು ಸ್ಪಷ್ಟವಾಗಿವೆ. ಅವಧಿ ವಿಸ್ತರಣೆಯ ತಮ್ಮ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲವೆಂದು ವಿಷಾದಿಸುತ್ತೇವೆ. ಸದ್ಭಾವನೆಯ ಸಂಕೇತವಾಗಿ ನಮ್ಮ ಮಕಾವ್ ಕ್ಯಾಸಿನೊದ ಒಳಾಂಗಣ ಭೋಜನಾಲಯದಲ್ಲಿ ಇಬ್ಬರಿಗೆ ಉಚಿತ ಊಟದ ಕೂಪನ್ ಲಗತ್ತಿಸಿದೆ.

ಎಂ. ಸಿ. ಎಲ್.
ಬಹುಮಾನ ವಿಭಾಗ


ಮಕಾವ್
14 ಮಾರ್ಚ್ 2015

ಎಂ. ಸಿ. ಎಲ್. ಸಾಹೇಬರೇ,

ನಾನು ಅವಧಿ ವಿಸ್ತರಿಸಿ ಎಂದು ಕೇಳಲೇ ಇಲ್ಲ. ಬೆಲೆ ಎಷ್ಟು ಎಂದು ಕೇಳಿದೆ. ನನ್ನ ಪತ್ರವನ್ನು ಓದಿ ಉತ್ತರ ಬರೆಯುತ್ತೀರೋ, ಉತ್ತರ ಬರೆದಿಟ್ಟುಕೊಂಡು ಪತ್ರ ತೆರೆಯುತ್ತೀರೋ?

ಊಟದ ಕೂಪನ್ ವಾಪಸ್ ಕಳಿಸಿದ್ದೇನೆ. ಆ ಭೋಜನಾಲಯಕ್ಕೆ ಹೋಗಲು ಜೂಜಿನ ಮೇಜುಗಳ ಮಧ್ಯೆಯೇ ನಡೆಯಬೇಕು. ಒಳಗೆ ಕಾಲಿಡಬಾರದವಳಿಗೆ ಒಳಗಿನ ಊಟ ಕೊಡುವುದನ್ನು ನಮ್ಮಲ್ಲಿ ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರೆ.

ನೀವು ಹೇಳದಿದ್ದರೆ ಊರು ಹೇಳುತ್ತದೆ ಎಂದು ನಿಮ್ಮ ಕ್ಯಾಸಿನೊದ ಎದುರಿನ ಗಿರವಿ ಅಂಗಡಿಗೆ ಹೋದೆ. ಅಲ್ಲಿನ ಮುದುಕ ಬಿಲ್ಲೆಯನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ, "ಇದು ಮಣ್ಣುಬಿಲ್ಲೆ ಅಲ್ವೇನಮ್ಮಾ!" ಎಂದ. ನಗದಾಗದ ಬಿಲ್ಲೆಗೆ ಮಕಾವ್‌ನಲ್ಲಿ ಮಣ್ಣು ಎಂದೇ ಹೆಸರು. "ಎಷ್ಟು ಕೊಡ್ತೀಯಪ್ಪಾ?" ಎಂದು ಕೇಳಿದೆ. "ನಾನ್ಯಾಕ್ ಕೊಡ್ಲಿ? ಮನೇಲಿ ಹಲ್ಲು ಬರ್ತಿರೋ ಮಗು ಇದ್ರೆ ಕಚ್ಚೋಕೆ ಕೊಡಿ, ನೋವು ಕಮ್ಮಿ ಆಗುತ್ತೆ" ಎಂದ.

ಇದನ್ನು ಹೋಗಿ ಐವರಿಗೆ ಹೇಳಿದೆ. ಕ್ವೊಕ್ ಅಣ್ಣ ನನ್ನ ಮುಖ ನೋಡದೆ, "ಗಿರವಿಯವನು ಹೇಳ್ದ ಅಂತೆ. ನಾಳೆ ಗಿಣಿಶಾಸ್ತ್ರದವನು ಹೇಳ್ದ ಅಂತಾರೆ" ಎಂದರು. ವೈ-ಲಾನ್ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ನಾನೇ ಕೆಲಸ ಕಲಿಸಿದವಳು. ಅವಳೂ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಈಗ ಊಟದ ಹೊತ್ತಿಗೆ ನಾನೊಬ್ಬಳೇ ಕೂರುತ್ತೇನೆ. ನನಗೆ ಇದು ಸಹಿಸಲಾಗುತ್ತಿಲ್ಲ ಎಂದು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಗಿರವಿಯವನ ಮಾತು ಸಾಲದು, ನಿಮ್ಮ ಮಾತು ಬೇಕು. ಬೆಲೆ ಎಷ್ಟು?

ಸಿಯೊ ಕಿಟ್-ಫಾಂಗ್


ಹಾಂಕಾಂಗ್
27 ಮಾರ್ಚ್ 2015

ಮಾನ್ಯ ಸಿಯೊ ಅವರಿಗೆ,

ಬಿಲ್ಲೆಗಳ ಬಳಕೆಯ ಅವಧಿ ಮಾರ್ಚ್ 25ಕ್ಕೆ ಮುಗಿದಿರುವುದರಿಂದ ಮೌಲ್ಯದ ಪ್ರಶ್ನೆ ಉದ್ಭವಿಸುವುದಿಲ್ಲ. ಈ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ.

ತಾವು ಸರ್ಕಾರಿ ನೌಕರರೆಂದು ತಮ್ಮ ಪತ್ರದಿಂದಲೇ ತಿಳಿದುಬಂದಿದೆ. ಜೂಜಿನ ಬಹುಮಾನದ ಬಗ್ಗೆ ಈ ರೀತಿ ಪತ್ರವ್ಯವಹಾರ ಮುಂದುವರಿಸುವುದು ತಮ್ಮ ಮೇಲಧಿಕಾರಿಗಳ ಗಮನಕ್ಕೆ ಬಂದಲ್ಲಿ ತಮಗೇ ಮುಜುಗರವಾಗಬಹುದೆಂದು ಹಿತೈಷಿಗಳಾಗಿ ಸೂಚಿಸಬಯಸುತ್ತೇವೆ.

ಎಂ. ಸಿ. ಎಲ್.


ಮಕಾವ್
30 ಮಾರ್ಚ್ 2015

ಹಿತೈಷಿಗಳೇ,

ಹೆದರಿಸುತ್ತೀರಾ? ನಿಮಗೆ ತೊಂದರೆ ಬೇಡವೆಂದು ನಾನೇ ಇವತ್ತು ಬೆಳಿಗ್ಗೆ ನಮ್ಮ ಮೇಲಧಿಕಾರಿಯ ಕೋಣೆಗೆ ಹೋಗಿ ನಿಮ್ಮ ಎರಡು ಕಾಗದ, ನನ್ನ ಎರಡು ಕಾಗದದ ನಕಲು, ನಾಲ್ಕನ್ನೂ ಮೇಜಿನ ಮೇಲಿಟ್ಟೆ. ಅವರು ಓದಿ, "ಎರಡನೇ ದಿನ ತಾನೇ ಹೋಗಿದ್ದು? ಅದಕ್ಕೇನಂತೆ, ನಾನೂ ಹೋಗಿದ್ದೆ. ಮುನ್ನೂರು ಕಳ್ಕೊಂಡೆ" ಎಂದರು. ಕಾನೂನು ಕೊಟ್ಟ ದಿನ ಮುಂಬಾಗಿಲಿನಿಂದ ತಲೆ ಎತ್ತಿಕೊಂಡು ಬಂದವಳು ನಾನು. ತಲೆ ತಗ್ಗಿಸುವ ಕೆಲಸ ಮಾಡಿದವರು ಹೆಸರಿನ ಬದಲು ಮೂರು ಅಕ್ಷರ ಬರೆದು ಬಚ್ಚಿಟ್ಟುಕೊಂಡಿದ್ದಾರೆ.

ಅವಧಿ ಮುಗಿಯುವ ತನಕ ಉತ್ತರ ತಡೆದು, ಮುಗಿದ ಮೇಲೆ ಪ್ರಶ್ನೆಯೇ ಇಲ್ಲ ಎನ್ನುತ್ತೀರಿ. ಪ್ರಶ್ನೆ ಇದೆ. ಈ ಲಕೋಟೆಯಲ್ಲಿ ನಲವತ್ತರಲ್ಲಿ ಒಂದು ಬಿಲ್ಲೆ ಇಟ್ಟಿದ್ದೇನೆ. ಕೈಯಲ್ಲಿ ಹಿಡಿದು ನೋಡಿ, ತೂಗಿ ನೋಡಿ, ಬೇಕಾದರೆ ಕಚ್ಚಿ ನೋಡಿ. ಆಮೇಲೆ ಬೆಲೆ ಬರೆಯಿರಿ.

ಗಡಿ ದಾಟುವ ವಸ್ತುವಿಗೆ ಸುಂಕದವರ ಹಸಿರು ಚೀಟಿ ಅಂಟಿಸಬೇಕಲ್ಲ, ಅದರಲ್ಲಿ ನಾನು "ಬಿಲ್ಲೆ ಒಂದು, ಬೆಲೆ 5000 ಪಟಾಕ" ಎಂದು ತುಂಬಿದ್ದೇನೆ. ನಮ್ಮ ಕೌಂಟರಿನ ಹುಡುಗಿ, "ಅಕ್ಕಾ, ಇಷ್ಟು ಬರೆದ್ರೆ ದಾರೀಲಿ ಯಾರಾದ್ರೂ ಹೊಡ್ಕೋತಾರೆ" ಎಂದಳು. ಬಿಲ್ಲೆಯ ಮೇಲೆ ಏನಿದೆಯೋ ಅದನ್ನೇ ಬರೆದೆ, ಬೇರೆ ಬರೆಯಲು ನನಗೆ ಯಾರೂ ಹೇಳಿಲ್ಲವಲ್ಲ!

ಸಿಯೊ ಕಿಟ್-ಫಾಂಗ್


ಹಾಂಕಾಂಗ್
9 ಏಪ್ರಿಲ್ 2015

ಮಾನ್ಯ ಸಿಯೊ ಅವರಿಗೆ,

ತಾವು ಕಳುಹಿಸಿದ ಬಿಲ್ಲೆಯನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ. ಮೌಲ್ಯದ ಕುರಿತು ಲಿಖಿತ ಅಭಿಪ್ರಾಯ ನೀಡಲು ಈ ವಿಭಾಗಕ್ಕೆ ಅಧಿಕಾರವಿಲ್ಲ.

ಎಂ. ಸಿ. ಎಲ್.


ಮಕಾವ್
13 ಏಪ್ರಿಲ್ 2015

ಮಾನ್ಯ ಮೊಕ್ ಚೀ-ಲಿಂಗ್ ಅವರೇ,

ನಿಮ್ಮ ಪೂರ್ತಿ ಹೆಸರು ನನಗೆ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯವೇ? ನೀವೇ ಬರೆದಿದ್ದೀರಿ.

ಕಾಗದದೊಳಗೆ ಅಭಿಪ್ರಾಯ ನೀಡಲು ಅಧಿಕಾರವಿಲ್ಲ ಎಂದು ಬರೆದಿರಿ. ಬಹಳ ಸರಿ. ಲಕೋಟೆಯ ಹೊರಗೆ ಹಸಿರು ಚೀಟಿ ಅಂಟಿಸಿದ್ದೀರಿ. ಒಳಗೇನಿದೆ ಎಂಬ ಕಡೆ "ಪ್ಲಾಸ್ಟಿಕ್ ಬಿಲ್ಲೆ, ಒಂದು". ಬೆಲೆ ಎಂಬ ಕಡೆ "ಸೊನ್ನೆ". ಕೆಳಗೆ "ಮೇಲಿನ ವಿವರ ಸತ್ಯವೆಂದು ದೃಢಪಡಿಸುತ್ತೇನೆ" ಎಂದು ಅಚ್ಚಾಗಿದೆ. ಅದರ ಕೆಳಗೆ ಸಂಸ್ಥೆಯ ಮೊಹರು, ನಿಮ್ಮ ಪೂರ್ತಿ ಹೆಸರು, ಸಹಿ, ತಾರೀಖು.

ಸಾಹೇಬರೇ, ಎಲ್ಲರೂ ಲಕೋಟೆ ಹರಿದು ಒಳಗಿನದನ್ನು ಓದುತ್ತಾರೆ. ನಾನು ಇಪ್ಪತ್ತನಾಲ್ಕು ವರ್ಷ ಹೊರಗಿನದನ್ನು ಓದಿಯೇ ಅನ್ನ ತಿಂದವಳು.

ಊಟದ ಹೊತ್ತಿಗೆ ಆ ಲಕೋಟೆಯನ್ನು ಒಯ್ದು ಕ್ವೊಕ್ ಅಣ್ಣನ ತಟ್ಟೆಯ ಪಕ್ಕ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ಚೀಟಿಯನ್ನು ಮೂಗಿನ ಹತ್ತಿರ ತಂದು ಓದಿದರು, ಇನ್ನೊಂದು ಸಲ ಓದಿದರು. ನಮ್ಮ ಕೋಣೆಯಲ್ಲಿ ಯಾರಿಗೂ ಹಸಿರು ಚೀಟಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ವೈ-ಲಾನ್ ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟಳು. ಕ್ವೊಕ್ ಅಣ್ಣ ಕನ್ನಡಕ ಇಳಿಸಿ, "ಸೊನ್ನೆನ ಆರು ಜನಕ್ಕೆ ಹಂಚಿದ್ರೆ ತಲೆಗೆಷ್ಟು ಬರುತ್ತೆ ತಂಗೀ?" ಎಂದರು. ಏಳು ವಾರದ ಮೇಲೆ ನನ್ನನ್ನು ತಂಗಿ ಎಂದರು. ಕ್ಷಮಿಸು ಎನ್ನಲಿಲ್ಲ. ಅವರ ಜಾಯಮಾನವೇ ಅಷ್ಟು. ತಮ್ಮ ತಟ್ಟೆಯಲ್ಲಿದ್ದ ಬಾತುಕೋಳಿಯ ಕಾಲು ತೆಗೆದು ನನ್ನ ತಟ್ಟೆಗೆ ಹಾಕಿದರು. ನನಗೂ ಅಳು ಬಂತು, ಅಳುತ್ತಲೇ ತಿಂದೆ.

ನನ್ನ ಮರ್ಯಾದೆ ನನಗೆ ಸಿಕ್ಕಿತು, ಧನ್ಯವಾದ. ಆದರೆ ಈಗ ನನಗೆ ಸಿಟ್ಟು ಇನ್ನೂ ಜಾಸ್ತಿಯಾಗಿದೆ. ಪತ್ರಿಕೆಯಲ್ಲಿ ಎರಡು ಲಕ್ಷ, ಸುಂಕದವರಿಗೆ ಸೊನ್ನೆ! ಎರಡೂ ನಿಮ್ಮದೇ ಮಾತು. ಒಂದು ಕೈಯಲ್ಲಿ ಆ ಫೋಟೊ, ಇನ್ನೊಂದು ಕೈಯಲ್ಲಿ ಈ ಚೀಟಿ ಹಿಡಿದು ಮುಂದಿನ ವಾರ ಗ್ರಾಹಕರ ದೂರು ಕಚೇರಿಗೆ ಹೋಗುತ್ತೇನೆ.

ಸಿಯೊ ಕಿಟ್-ಫಾಂಗ್


ಹಾಂಕಾಂಗ್
16 ಏಪ್ರಿಲ್ 2015

ಸಿಯೊ ಅಕ್ಕನವರಿಗೆ,

ಇದನ್ನು ಕಚೇರಿಯ ಕಾಗದದ ಮೇಲೆ ಬರೆಯುತ್ತಿಲ್ಲ. ನಾನು ಸಾಹೇಬ ಅಲ್ಲ, ಇಪ್ಪತ್ತೇಳು ವರ್ಷದ ಹೆಂಗಸು. ಬಹುಮಾನ ವಿಭಾಗ ಎಂದರೆ ಒಂದು ಮೇಜು, ಒಂದು ಕುರ್ಚಿ, ನಾನು.

ನಿಮ್ಮ ಬಿಲ್ಲೆ ವಾಪಸ್ ಕಳಿಸಿದ ಮಧ್ಯಾಹ್ನ ನಲವತ್ತೋ ಐವತ್ತೋ ಬಹುಮಾನದ ಪೊಟ್ಟಣ ಕಳಿಸಬೇಕಿತ್ತು. ಕೊಡೆ, ಟೋಪಿ, ಕೀಲಿ ಗೊಂಚಲು, ಎಲ್ಲದರ ಮೇಲೂ ಸೊನ್ನೆ ಎಂದು ಬರೆಯುತ್ತ ಹೋದೆ. ನಿಮ್ಮದರ ಮೇಲೂ ಕೈತಪ್ಪಿ ಬರೆದೆ. ದಯವಿಟ್ಟು ಆ ಚೀಟಿಯನ್ನು ಯಾರಿಗೂ ತೋರಿಸಬೇಡಿ. ನಿಮ್ಮ ಪತ್ರ ನಿರ್ದೇಶಕರ ಕೈಗೆ ಸಿಕ್ಕಿದೆ. ನಿನ್ನೆ ಎಲ್ಲರೆದುರು ನನ್ನನ್ನು ನಿಲ್ಲಿಸಿ, "ಇಷ್ಟು ದಿನ ನಾವು ಹೇಳದೇ ಇದ್ದಿದ್ದನ್ನ ಲಕೋಟೆ ಮೇಲೆ ಬರೆದು ಅಂಚೆ ಚೀಟಿ ಅಂಟಿಸಿ ಕಳ್ಸಿದೀಯಲ್ಲಮ್ಮಾ, ಜಾಣೆ!" ಎಂದರು.

ಅವರು ಹೇಳಿ ಕಳಿಸಿದ ಮಾತು ಇಷ್ಟು. ಬಿಲ್ಲೆಗಳನ್ನೂ ಹಸಿರು ಚೀಟಿಯನ್ನೂ ವಾಪಸ್ ಕೊಟ್ಟು, ಈ ವಿಷಯ ಎಲ್ಲೂ ಮಾತಾಡುವುದಿಲ್ಲ ಎಂದು ಆರೂ ಜನ ಸಹಿ ಹಾಕಿದರೆ ಅರವತ್ತು ಸಾವಿರ ಪಟಾಕ ನಗದು ಕೊಡುತ್ತಾರೆ. ಇಲ್ಲದಿದ್ದರೆ ಕೆಲಸ ಕಳೆದುಕೊಳ್ಳುವವಳು ನಾನು. ಅಮ್ಮನೂ ನಾನೂ ಇರುವ ಒಂದು ಕೋಣೆಯ ಬಾಡಿಗೆ ನನ್ನ ಸಂಬಳದಲ್ಲೇ ಹೋಗುತ್ತದೆ. ಒಪ್ಪಿಕೊಳ್ಳಿ ಅಕ್ಕ, ಕೈಮುಗಿಯುತ್ತೇನೆ.

ಮೊಕ್ ಚೀ-ಲಿಂಗ್


ಮಕಾವ್
20 ಏಪ್ರಿಲ್ 2015

ಚೀ-ಲಿಂಗ್,

ನಿನ್ನನ್ನು ಸಾಹೇಬ ಎಂದುಕೊಂಡು ಎಷ್ಟು ಬೈದೆ! ಸೂಟು ಹಾಕಿದ, ಹೊಟ್ಟೆ ಬಂದ ಒಬ್ಬ ಗಂಡಸನ್ನು ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದೆ. ಅವನಿಗೆ ಬರೆದದ್ದಕ್ಕೆ ಪಶ್ಚಾತ್ತಾಪವಿಲ್ಲ. ಅದನ್ನೆಲ್ಲ ನೀನು ಓದಬೇಕಾಯಿತಲ್ಲ ಎಂದು ಬೇಸರವಾಗಿದೆ.

ನಿನ್ನ ಪತ್ರವನ್ನು ಆರೂ ಜನ ಚಹಾದ ಅಂಗಡಿಯಲ್ಲಿ ಕೂತು ಓದಿದೆವು. ಅರವತ್ತು ಸಾವಿರ ಎಂದರೆ ತಲೆಗೆ ಹತ್ತು. ಸುಳ್ಳು ಹೇಳುವುದಿಲ್ಲ, ಎಲ್ಲರ ಕಣ್ಣೂ ಅರಳಿದವು. ವೈ-ಲಾನ್ ನೇರವಾಗಿ ಅಂದಳು: "ನನಗೆ ಬೇಕು. ಹತ್ತು ಸಾವಿರ ಬಿಟ್ಟುಕೊಡೋಷ್ಟು ದೊಡ್ಡಸ್ತಿಕೆ ನನ್ಹತ್ರ ಇಲ್ಲ. ಮಗಳ ಹಲ್ಲಿಗೆ ತಂತಿ ಹಾಕಿಸ್ಬೇಕು." ಅವಳ ಮಾತಿನಲ್ಲಿ ತಪ್ಪೇನಿದೆ? ಬೇಡ ಎನ್ನಲು ನಾನ್ಯಾರು? ಹೆಸರು ನನ್ನದಾದರೂ ಚೀಟಿ ಆರು ಜನದ್ದು.

ಕ್ವೊಕ್ ಅಣ್ಣ ಕೊನೆಗೆ ಹೇಳಿದರು: "ಬೆಲೆ ಸೊನ್ನೆ ಅಂತ ಅವರೇ ಬರ್ಕೊಟ್ಟವ್ರೆ. ಆ ಸೊನ್ನೆನ ಅರವತ್ತು ಸಾವಿರ ಕೊಟ್ಟು ಕೊಂಡ್ಕೊಳ್ತೀವಿ ಅಂತಾವ್ರೆ. ಹಂಗಾದ್ರೆ ಅವರು ಬೆಲೆ ಕಟ್ತಿರೋದು ಬಿಲ್ಲೆಗಲ್ಲ ಕಣ್ರೋ, ನಮ್ಮ ಬಾಯಿಗೆ. ನನ್ನ ಬಾಯಿಗೆ ನನ್ನ ಹೆಂಡ್ತಿನೇ ಬೀಗ ಹಾಕೋಕೆ ಆಗ್ಲಿಲ್ಲ, ಇವರ್ಯಾರು?" ಎಲ್ಲರೂ ನಕ್ಕೆವು. ಆಮೇಲೆ ಅವರು ನಗು ನಿಲ್ಲಿಸಿ, "ಒಂದು ಸುಳ್ಳು ಫೋಟೊ ನಂಬಿ ನಾನು ನನ್ನ ತಂಗೀನ ಕಳ್ಳಿ ಅಂದೆ. ಮುಂದಿನ ವರ್ಷ ಇನ್ಯಾರೋ ಇನ್ಯಾರನ್ನೋ ಅಂತಾರೆ" ಎಂದರು. ವೈ-ಲಾನ್ ಚಮಚ ಕೆಳಗಿಟ್ಟು, "ಸರಿ ಬರೀ ಅಕ್ಕಾ. ಬೇಡ ಅಂತಾನೇ ಬರೀ. ಆದ್ರೆ ಇವತ್ತಿನ ಚಹಾ ಅಣ್ಣಂದು" ಎಂದಳು.

ಆದ್ದರಿಂದ ನಿಮ್ಮ ನಿರ್ದೇಶಕರಿಗೆ ತಿಳಿಸು, ನಾವು ಮಾರಾಟಕ್ಕಿಲ್ಲ.

ಆದರೆ ನಿನ್ನ ವಿಷಯದಲ್ಲಿ ನನಗೆ ಎರಡು ರಾತ್ರಿ ನಿದ್ದೆ ಬಂದಿಲ್ಲ. ನಾನು ಎತ್ತಿದ ಕಲ್ಲು ಸಾಹೇಬನಿಗೆ ಬೀಳಲಿ ಎಂದು ಎತ್ತಿದ್ದು, ಬೀಳುವುದು ನಿನ್ನ ತಲೆಯ ಮೇಲೆ. ಚೀಟಿಯಲ್ಲಿ ನಿನ್ನ ಹೆಸರೂ ಸಹಿಯೂ ಇರುವ ಭಾಗವನ್ನು ಕತ್ತರಿಸಿ ತೆಗೆದು ದೂರು ಕೊಡಲು ನಾನು ಸಿದ್ಧ. ಸಹಿಯಿಲ್ಲದ ಚೀಟಿಗೆ ಬಲವಿರುವುದಿಲ್ಲ, ಅವರು ಅದನ್ನು ಊದಿ ಹಾರಿಸಬಹುದು. ಹಾರಿಸಿದರೆ ಹಾರಿಸಲಿ. ಏನು ಮಾಡಲಿ ಹೇಳು. ಒಂದು ವಾರ ಕಾಯುತ್ತೇನೆ.

ಸಿಯೊ ಅಕ್ಕ


ಹಾಂಕಾಂಗ್
26 ಏಪ್ರಿಲ್ 2015

ಅಕ್ಕ,

ಕತ್ತರಿಸಬೇಡಿ.

ಕೈತಪ್ಪಿ ಬರೆದೆ ಎಂದೆನಲ್ಲ, ಅದು ಸುಳ್ಳು. ತಪ್ಪೇ ಆಗಿರಲಿಲ್ಲ. ನಾವು ಯಾವಾಗಲೂ ಹಾಗೆಯೇ ಬರೆಯುವುದು. ಸುಂಕದವರಿಗೆ ನಾವು ಸದಾ ನಿಜ ಹೇಳುತ್ತೇವೆ, ಗೆದ್ದವರಿಗೆ ಮಾತ್ರ ಹೇಳುವುದಿಲ್ಲ.

ಇನ್ನೊಂದು ಮಾತಿದೆ. ಇದನ್ನು ಓದಿದ ಮೇಲೆ ನೀವು ನನ್ನನ್ನು ಮತ್ತೆ ಬೈಯಬಹುದು. ಆರನೆಯ ಷರತ್ತು ಬರೆದವಳು ನಾನೇ. 2012ರ ನವೆಂಬರಿನ ಸಭೆಯಲ್ಲಿ ನಿರ್ದೇಶಕರು, "ಹಬ್ಬದ ಮೊದಲ ಮೂರು ದಿನ ಹೊಸದಾಗಿ ಯಾರು ಬರ್ತಾರೆ?" ಎಂದು ಕೇಳಿದರು. ಸರ್ಕಾರಿ ನೌಕರರು, ಆ ಮೂರೇ ದಿನ, ಎಂದೆ. "ಹಂಗಾದ್ರೆ ಬಹುಮಾನ ಎರಡನೇ ದಿನ ಎತ್ತಿ, ಬಿಲ್ಲೆ ಆರನೇ ದಿನದಿಂದ ಇಡಮ್ಮ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಜಾಣತನಕ್ಕೆ ಭೇಷ್ ಎನಿಸಿಕೊಂಡು ಮನೆಗೆ ಹೋಗಿ ಅಮ್ಮನಿಗೂ ಹೇಳಿದೆ. ಗೆದ್ದವರು ಒಂಟಿಯಾಗಿ ಊಟಕ್ಕೆ ಕೂರಬೇಕಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ನಿಮ್ಮ ಎರಡನೆಯ ಪತ್ರದಲ್ಲಿ ಆ ಮಾತು ಓದಿದ ಮೇಲೂ ಮೇಲಧಿಕಾರಿಯ ಹೆಸರು ಹೇಳಿ ನಿಮ್ಮನ್ನು ಹೆದರಿಸಿದೆ. ಅದೂ ನನ್ನ ಕೈಬರಹವೇ.

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು, "ಬಾಡಿಗೆ ಹೆಂಗೋ ಆಗುತ್ತೆ. ನಲವತ್ತು ವರ್ಷ ಮೀನು ಮಾರ್ದೆ, ತೂಕದಲ್ಲಿ ಮೋಸ ಮಾಡಿದ್ರೆ ನಾಳೆ ಅದೇ ಗಿರಾಕಿ ಮುಖ ನೋಡ್ಬೇಕಿತ್ತು. ನಿಮ್ಮ ಆಫೀಸಲ್ಲಿ ಯಾರೂ ಯಾರ ಮುಖಾನೂ ನೋಡಲ್ವಾ?" ಎಂದಳು.

ಇದರೊಂದಿಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದರಲ್ಲಿ ಒಂದೇ ಸಾಲಿದೆ: "ಬಿಳಿ ನವಿಲು ಸಂಸ್ಥೆ ಸಿಯೊ ಕಿಟ್-ಫಾಂಗ್ ಅವರಿಗೆ ಕೊಟ್ಟ ನಲವತ್ತು ಬಿಲ್ಲೆಗಳ ಬೆಲೆ, ಕೊಟ್ಟ ದಿನವೂ ಇಂದೂ, ಸೊನ್ನೆ, ಇದು ಷರತ್ತು ಬರೆದ ದಿನವೇ ನಮಗೆ ಗೊತ್ತಿತ್ತು." ಕೆಳಗೆ ನನ್ನ ಪೂರ್ತಿ ಹೆಸರು, ಗುರುತಿನ ಸಂಖ್ಯೆ, ಸಹಿ. ನೀವು ಮಾರ್ಚ್ ಎರಡರಂದು ಕೇಳಿದ್ದು. ತಡವಾಯಿತು.

ಎರಡನ್ನೂ ತೋರಿಸಿ.

ಚೀ-ಲಿಂಗ್


ಮಕಾವ್
18 ಮೇ 2015

ಚೀ-ಲಿಂಗ್,

ನಿನ್ನ ಪತ್ರ ಓದಿ ಮೊದಲು ಬೈದೆ. ಒಂದು ಇಡೀ ಸಂಜೆ ಬೈದೆ. ಆಮೇಲೆ ಆ ಹಾಳೆಯನ್ನು ಎತ್ತಿಟ್ಟುಕೊಂಡು ಮಲಗಿದೆ.

ಹೋದ ವಾರ ದೂರು ಕಚೇರಿಯಲ್ಲಿ ವಿಚಾರಣೆ ಆಯಿತು. ನಾವು ಆರೂ ಜನ ಅರ್ಧ ದಿನ ರಜೆ ಹಾಕಿ ಹೋದೆವು. ಹೋಗಿ ನೋಡಿದರೆ ನಾವಷ್ಟೇ ಅಲ್ಲ. ಸುದ್ದಿ ಕೇಳಿ ಹಿಂದಿನ ವರ್ಷಗಳಲ್ಲಿ ಗೆದ್ದ ಒಬ್ಬ ಶಾಲಾ ಮೇಷ್ಟ್ರು, ಒಬ್ಬ ಅಗ್ನಿಶಾಮಕದವನು, ತಮ್ಮ ತಮ್ಮ ಕೆಂಪು ಡಬ್ಬಿ ಹಿಡಿದು ಬಂದಿದ್ದರು. ಅಗ್ನಿಶಾಮಕದವನ ಸ್ವಂತ ತಮ್ಮ ಈ ಡಬ್ಬಿಯ ದೆಸೆಯಿಂದ ಎರಡು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದಾನಂತೆ.

ನಿಮ್ಮ ವಕೀಲರು ಬಂದಿದ್ದರು. ಆ ಹಾಳೆ ನಿನ್ನ ಖಾಸಗಿ ಅಭಿಪ್ರಾಯ, ಹಸಿರು ಚೀಟಿ ಗುಮಾಸ್ತೆಯ ತಪ್ಪು, ಬಿಲ್ಲೆಗಳಿಗೆ "ಅನುಭವದ ಮೌಲ್ಯ" ಇದೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ವಿಚಾರಣೆ ಮಾಡುತ್ತಿದ್ದ ಹೆಂಗಸು ಎಲ್ಲ ಕೇಳಿಸಿಕೊಂಡು ನಮ್ಮ ಡಬ್ಬಿಯನ್ನು ಮೇಜಿನ ಮೇಲೆ ಅವರ ಕಡೆಗೆ ತಳ್ಳಿ, "ಈಗ ಇದಕ್ಕೆ ನೀವು ಎಷ್ಟು ಕೊಡ್ತೀರಿ?" ಎಂದು ಕೇಳಿದರು. "ಅದು ಬೇರೆ ಪ್ರಶ್ನೆ" ಎಂದರು ವಕೀಲರು. ಹಿಂದಿನ ಸಾಲಿನಿಂದ ಕ್ವೊಕ್ ಅಣ್ಣ, "ಇರೋದೇ ಅದೊಂದು ಪ್ರಶ್ನೆ ಸ್ವಾಮೀ!" ಎಂದು ಕೂಗಿದರು. ಅವರನ್ನು ಹೊರಗೆ ಕಳಿಸಿದರು. ಹೋಗುವಾಗಲೂ ನಗುತ್ತಿದ್ದರು.

ನಮಗೆ ಒಂದು ಪಟಾಕವೂ ಸಿಗಲಿಲ್ಲ. ದುಡ್ಡು ಕೊಡಿ ಎಂದು ಆಜ್ಞೆ ಮಾಡುವ ಅಧಿಕಾರ ಆ ಕಚೇರಿಗಿಲ್ಲವಂತೆ. ಆದರೆ ತೀರ್ಮಾನವನ್ನು ಪತ್ರಿಕೆಗೆ ಕೊಡುತ್ತೇವೆ ಎಂದದ್ದೇ ತಡ, ವಕೀಲರು ದಾರಿಗೆ ಬಂದರು. ಗೆದ್ದವರ ಕೈಯಲ್ಲಿ ರಟ್ಟಿನ ಚೆಕ್ಕು ಇನ್ನು ಹಿಡಿಸುವುದಿಲ್ಲ, ಆರನೆಯ ಷರತ್ತು ರದ್ದು, ಬಹುಮಾನದ ಮೊತ್ತ ಎಷ್ಟು ದೊಡ್ಡ ಅಕ್ಷರದಲ್ಲಿದೆಯೋ ಅಷ್ಟೇ ದೊಡ್ಡ ಅಕ್ಷರದಲ್ಲಿ "ಇದು ನಗದಾಗುವುದಿಲ್ಲ" ಎಂದು ಬರೆಸುತ್ತೇವೆ ಎಂದು ಒಪ್ಪಿ ಸಹಿ ಮಾಡಿದರು. ಹಡಗುಕಟ್ಟೆಯ ಎದುರಿನ ನಿಮ್ಮ ಜಾಹೀರಾತು ಫಲಕಕ್ಕೆ ನಿನ್ನೆ ಆಳುಗಳು ಏಣಿ ಹಾಕಿದ್ದರು. ಎರಡು ಲಕ್ಷದ ಕೆಳಗೆ ಆಳೆತ್ತರದ ಅಕ್ಷರ ಬರೆಯುತ್ತಿದ್ದರು. ಬಸ್ಸಿನಿಂದ ಇಳಿದು ನಿಂತು ನೋಡಿದೆ.

ವೈ-ಲಾನ್ ಮಗಳ ಹಲ್ಲಿಗೆ ನಾವೈವರೂ ದುಡ್ಡು ಸೇರಿಸಿ ಕೊಟ್ಟೆವು. ಬೇಡ ಎಂದು ಜಗಳಾಡಿ ತೆಗೆದುಕೊಂಡಳು.

ಮೂರು ವಾರದಿಂದ ನಿನ್ನ ಸುದ್ದಿಯಿಲ್ಲ. ಕೆಲಸದಿಂದ ತೆಗೆದರಾ? ಮುಚ್ಚಿಡಬೇಡ. ನಿನ್ನ ಪತ್ರ ಬಂದಿದೆಯಾ ಎಂದು ದಿನಾ ಹಾಂಕಾಂಗ್‌ನಿಂದ ಬರುವ ಅಂಚೆ ಚೀಲವನ್ನು ನಾನೇ ಬಿಚ್ಚುತ್ತಿದ್ದೇನೆ. ನಿನಗೆ ಏನಾದರೂ ಆಗಿದ್ದರೆ ಆ ಫಲಕ ನೋಡಿ ಸಂತೋಷಪಡಲು ನನ್ನ ಕೈಲಾಗುವುದಿಲ್ಲ.

ಸಿಯೊ ಅಕ್ಕ


ಹಾಂಕಾಂಗ್
5 ಜೂನ್ 2015

ಅಕ್ಕ,

ತಡಕ್ಕೆ ಕ್ಷಮಿಸಿ. ಇಲ್ಲಿ ಏನಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ.

ವಿಚಾರಣೆ ಮುಗಿದ ಮರುದಿನ ನಿರ್ದೇಶಕರು ಕರೆದರು. ಮೇಜಿನ ಮೇಲೆ ನನ್ನ ರಾಜೀನಾಮೆ ಪತ್ರವನ್ನು ಅವರೇ ಟೈಪು ಮಾಡಿಸಿಟ್ಟಿದ್ದರು. ಸ್ವಂತ ಕಾರಣಗಳಿಂದ ಬಿಡುತ್ತಿದ್ದೇನೆ ಎಂದಿತ್ತು. ನನಗೆ ಯಾವ ಸ್ವಂತ ಕಾರಣವೂ ಇಲ್ಲ, ನಾನು ಬಿಡುವುದಿಲ್ಲ, ಬೇಕಾದರೆ ನೀವು ತೆಗೆಯಿರಿ ಎಂದೆ. ತೆಗೆಯುವುದಾದರೆ ಕಾರಣ ಬರೆದು ಸಹಿ ಹಾಕಿ ಕೊಡಿ ಎಂದೂ ಹೇಳಿದೆ.

ವಕೀಲರು ಒಂದು ಕರಡು ತಂದರು. ಸಂಸ್ಥೆಯ ಗುಟ್ಟನ್ನು ಹೊರಗೆ ಹೇಳಿದ್ದಕ್ಕಾಗಿ ವಜಾ ಎಂದಿತ್ತು. ಯಾವ ಗುಟ್ಟು, ಬಿಲ್ಲೆಯ ಬೆಲೆ ಸೊನ್ನೆ ಎಂಬುದೇ, ಹಾಗಾದರೆ ಅದು ನಿಜ ಎಂದು ನೀವು ಸಹಿ ಹಾಕುತ್ತೀರಲ್ಲ ಎಂದು ಕೇಳಿದೆ. ಹರಿದು ಹಾಕಿದರು. ನಾಲ್ಕು ದಿನ ಬಿಟ್ಟು ಇನ್ನೊಂದು ತಂದರು. ಸುಂಕದವರ ಚೀಟಿಯಲ್ಲಿ ಸುಳ್ಳು ಬೆಲೆ ಬರೆದದ್ದಕ್ಕಾಗಿ ವಜಾ ಎಂದಿತ್ತು. ಸೊನ್ನೆ ಸುಳ್ಳಾದರೆ ನಿಜವಾದ ಬೆಲೆ ಎಷ್ಟು, ಐದು ಸಾವಿರವೇ, ಹಾಗಿದ್ದರೆ ಮಕಾವ್‌ಗೆ ಇವತ್ತೇ ಎರಡು ಲಕ್ಷ ಕಳಿಸಬೇಕಲ್ಲವೇ ಎಂದೆ. ಅದನ್ನೂ ಹರಿದು ಹಾಕಿದರು. ಪಕ್ಕದ ಮೇಜಿನವರು ತಲೆ ತಗ್ಗಿಸಿಕೊಂಡು ನಗುವುದು ನನಗೆ ಕಾಣುತ್ತಿತ್ತು.

ಮೂರನೆಯ ಕರಡನ್ನು ಈಗ ಇಬ್ಬರು ವಕೀಲರು ಸೇರಿ ಬರೆಯುತ್ತಿದ್ದಾರಂತೆ. ನನಗೆ ಯಾವ ಕೆಲಸವನ್ನೂ ಕೊಡುತ್ತಿಲ್ಲ. ಸಂಬಳ ಮಾತ್ರ ತಿಂಗಳ ಕೊನೆಗೆ ಸರಿಯಾಗಿ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಬಂದು ನನ್ನ ಕುರ್ಚಿಯಲ್ಲಿ ಕೂರುತ್ತೇನೆ. ಮಧ್ಯಾಹ್ನ ಅಮ್ಮ ಕಟ್ಟಿಕೊಟ್ಟ ಡಬ್ಬಿ ಬಿಚ್ಚುತ್ತೇನೆ. ಮೊದಲ ವಾರ ಒಬ್ಬಳೇ ಉಣ್ಣುತ್ತಿದ್ದೆ. ಈ ವಾರ ಲೆಕ್ಕ ವಿಭಾಗದ ಇಬ್ಬರು ತಮ್ಮ ಡಬ್ಬಿ ತಂದು ನನ್ನ ಮೇಜಿಗೆ ಬಂದರು. ಇವತ್ತು ನಿರ್ದೇಶಕರು ನಮ್ಮನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತು ಮೂರು ಡಬ್ಬಿಗಳನ್ನೂ ನೋಡಿ ಹೋದರು.

ಮೂರನೆಯ ಕರಡನ್ನು ಅವರು ನಿಧಾನವಾಗಿ ಬರೆಯಲಿ. ನನಗೇನೂ ಅವಸರವಿಲ್ಲ.

ಚೀ-ಲಿಂಗ್